ಎಷ್ಟು ತಪ್ಪಿದಿರಿ, ಲೆಕ್ಕ ಕೊಡಿ: ಚುನಾವಣಾ ಸಮೀಕ್ಷೆಗಳ ಬಗ್ಗೆ ಇಂದಿರಾನಗರದ ಕೆಲವು ಮತದಾರರ ಹಕ್ಕೊತ್ತಾಯ ಪತ್ರ

ಗೆ,
ಚುನಾವಣಾ ಸಮೀಕ್ಷಾ ಸಂಸ್ಥೆಗಳ ಮುಖ್ಯಸ್ಥರು, ಸುದ್ದಿವಾಹಿನಿ ಮತ್ತು ಪತ್ರಿಕೆಗಳ ಸಂಪಾದಕರು, ಭಾರತ ಚುನಾವಣಾ ಆಯೋಗ, ಕರ್ನಾಟಕ ರಾಜ್ಯ ಚುನಾವಣಾ ಆಯೋಗ.

ಮಾನ್ಯರೇ,

ಸಿಎಂಎಚ್ ರಸ್ತೆಯಿಂದ ಒಳಕ್ಕೆ ತಿರುಗಿದರೆ ಒಂದು ಚಹಾ ಅಂಗಡಿ. ಬೆಳಗಿನ ವಾಕಿಂಗ್ ಮುಗಿಸಿ ನಾವು ಏಳೆಂಟು ಮಂದಿ ಅಲ್ಲಿ ಸೇರುತ್ತೇವೆ. ಎನ್‌ಜಿಇಎಫ್ ಬಾಗಿಲು ಹಾಕುವ ತನಕ ಅಲ್ಲೇ ದುಡಿದವರು, ಎಚ್‌ಎಎಲ್‌ನಿಂದ ನಿವೃತ್ತರಾದವರು, ಹೂವಿನ ವ್ಯಾಪಾರದವರು, ಸಾಫ್ಟ್‌ವೇರ್ ಕೆಲಸದ ಇಬ್ಬರು ಹುಡುಗರು. 2023ರ ಮೇ 10ರ ಸಂಜೆ ವಿಧಾನಸಭೆಗೆ ಮತದಾನ ಮುಗಿದು ಟಿವಿಯಲ್ಲಿ ಅಂಕಿಗಳು ಕುಣಿಯತೊಡಗಿದಾಗ, ನಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಮೊಮ್ಮಗಳ ಇನ್ನೂರು ಪುಟದ ನೋಟ್‌ಬುಕ್ ಎಳೆದುಕೊಂಡು ಮೂರು ಕಾಲಂ ಗೆರೆ ಹಾಕಿದರು: ಹೇಳಿದ್ದು, ಬಂದದ್ದು, ತಪ್ಪಿದ್ದು. ಮೂರು ದಿನ ಬಿಟ್ಟು ನಡುವಿನ ಕಾಲಂ ತುಂಬಿತು. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಇತರರು 4. ಬಲಗಡೆಯ ಕಾಲಂ ನೋಡಿ ನಮಗೆ ನಗು ಬಂತು. ಅದೇ ಸಂಜೆ ಟಿವಿ ಹಾಕಿದರೆ ನಗು ಹೋಯಿತು. ತಪ್ಪು ಹೇಳಿದವರೂ ಸರಿ ಹೇಳಿದವರೂ ಒಂದೇ ಮೇಜಿನ ಸುತ್ತ ಕೂತು, ಏನೂ ಆಗಿಲ್ಲವೆಂಬಂತೆ, ಜನ ಯಾಕೆ ಹೀಗೆ ಮತ ಹಾಕಿದರೆಂದು ನಮಗೇ ಪಾಠ ಹೇಳುತ್ತಿದ್ದರು.

ಸಮೀಕ್ಷೆ ನಿಲ್ಲಿಸಿ ಎಂದು ನಾವು ಕೇಳುತ್ತಿಲ್ಲ. ಹಾಗೆ ಕೇಳುವವರು ಸಾಮಾನ್ಯವಾಗಿ ಸೋಲುವ ಪಕ್ಷದವರು. ಸಮೀಕ್ಷೆಯನ್ನು ಅಳೆಯಲು ಬೇಕಾದ ಪಡಿ-ಸೇರನ್ನು ನಮ್ಮ ಕೈಗೂ ಕೊಡಿ ಎಂಬುದಷ್ಟೇ ನಮ್ಮ ಒತ್ತಾಯ.

1. ಯಾರು ಗೆಲ್ಲುತ್ತಾರೆಂದು ಹೇಳಿದಿರಿ ಎನ್ನುವುದಕ್ಕೆ ಅಂಕ ಕೊಡಬಾರದು. ಎಷ್ಟು ತಪ್ಪಿದಿರಿ ಎನ್ನುವುದನ್ನು ಎಣಿಸಬೇಕು.

ನಮ್ಮ ನೋಟ್‌ಬುಕ್ಕಿನ ರೀತಿ ಇದು. ‘ಇಷ್ಟರಿಂದ ಇಷ್ಟು’ ಎಂದಿದ್ದರೆ ನಡುವಿನ ಅಂಕಿ ಹಿಡಿದು, ಮೂರು ಪಕ್ಷಗಳಲ್ಲಿ ಪ್ರತಿಯೊಂದಕ್ಕೂ ಎಷ್ಟು ಸೀಟು ಹೆಚ್ಚುಕಮ್ಮಿ ಹೇಳಿದರೆಂದು ಕೂಡುವುದು. 2023ರಲ್ಲಿ ಆಕ್ಸಿಸ್ ಮೈ ಇಂಡಿಯಾ ಕಾಂಗ್ರೆಸ್‌ಗೆ 122–140, ಬಿಜೆಪಿಗೆ 62–80, ಜೆಡಿಎಸ್‌ಗೆ 20–25 ಎಂದಿತ್ತು. ಒಟ್ಟು ತಪ್ಪು ಹನ್ನೆರಡೂವರೆ. ಎಬಿಪಿ–ಸಿ ವೋಟರ್ 100–112, 83–95, 21–29 ಎಂದಿತ್ತು. ತಪ್ಪು 58. ‘ಕಾಂಗ್ರೆಸ್ಸೇ ದೊಡ್ಡ ಪಕ್ಷ’ ಎಂದು ಇಬ್ಬರೂ ಹೇಳಿದ್ದರು, ಆದ್ದರಿಂದ ಟಿವಿಯ ಲೆಕ್ಕದಲ್ಲಿ ಇಬ್ಬರೂ ಪಾಸು. ಒಬ್ಬರು ಮನೆ ಬಾಗಿಲಿಗೆ ಬಂದು ಬೆಲ್ ಒತ್ತಿದರು, ಇನ್ನೊಬ್ಬರು ಹಲಸೂರು ಕೆರೆಯ ಹತ್ತಿರ ನಿಂತು ‘ನಿಮ್ಮ ಮನೆ ಇಲ್ಲೇ ಎಲ್ಲೋ ಇದೆ’ ಅಂದರು.

ಬಿಜೆಪಿಗೆ 114 ಕೊಟ್ಟ ನ್ಯೂಸ್ ನೇಷನ್–ಸಿಜಿಎಸ್‌ನ ತಪ್ಪು 99. ಅದೇ ಸಮೀಕ್ಷೆ ಜೆಡಿಎಸ್‌ಗೆ 21 ಎಂದು ಬಹುತೇಕ ಸರಿಯಾಗಿಯೇ ಹೇಳಿತ್ತು. ಸುವರ್ಣ–ಜನ್ ಕೀ ಬಾತ್ ಜೆಡಿಎಸ್‌ಗೆ ಹೇಳಿದ 14–24ರ ನಡುವಿನ ಅಂಕಿ ಕರಾರುವಾಕ್ಕಾಗಿ 19. ದೊಡ್ಡ ಪಕ್ಷಗಳೆರಡನ್ನೂ ಮೂವತ್ತೈದು ನಲವತ್ತು ಸೀಟುಗಳಷ್ಟು ತಪ್ಪಿದವರು ಚಿಕ್ಕ ಪಕ್ಷವನ್ನು ಗುಂಡು ಹೊಡೆದಂತೆ ಹೇಳಿದ್ದು ಹೇಗೆ? ಅದಕ್ಕೇ ಮೂರನ್ನೂ ಕೂಡಿ ನೋಡಬೇಕು ಅನ್ನುವುದು. ಬೇಕಾದ್ದನ್ನು ಮಾತ್ರ ಹೆಕ್ಕಿ ತೋರಿಸಲು ಬಿಟ್ಟರೆ ಎಲ್ಲರೂ ರ‍್ಯಾಂಕ್ ವಿದ್ಯಾರ್ಥಿಗಳೇ.

ಇದು ನಮ್ಮ ತಲೆಯಲ್ಲಿ ಹುಟ್ಟಿದ ಬುದ್ಧಿಯಲ್ಲ. 1948ರಲ್ಲಿ ಅಮೆರಿಕದ ಸಮೀಕ್ಷೆಗಳೆಲ್ಲ ಟ್ರೂಮನ್ ಸೋಲುತ್ತಾರೆಂದು ಹೇಳಿ ಮುಖಭಂಗವಾದ ಮೇಲೆ, ಫ್ರೆಡರಿಕ್ ಮೋಸ್ಟೆಲ್ಲರ್ ಎಂಬ ಸಂಖ್ಯಾಶಾಸ್ತ್ರಜ್ಞ ಮರುವರ್ಷವೇ ಸಮೀಕ್ಷೆಯ ತಪ್ಪನ್ನು ಅಳೆಯುವ ಎಂಟು ಬಗೆಗಳನ್ನು ಬರೆದಿಟ್ಟರು. ಎಂಟರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ. ಆದರೆ ಫಲಿತಾಂಶ ಬರುವ ಮೊದಲೇ ಆರಿಸಿಕೊಳ್ಳಿ.

2. ಶೇಕಡಾವಾರು ಮತ ಹೇಳದೆ ಸೀಟು ಹೇಳಬಾರದು.

ಬೀದಿಯಲ್ಲಿ ನೀವು ಕೇಳುವುದು ‘ಯಾರಿಗೆ ಮತ’ ಎಂದು. ಕೈಗೆ ಸಿಗುವುದು ಮತ, ಸೀಟಲ್ಲ. ಮತವನ್ನು ಸೀಟಾಗಿ ಮಾಡುವುದು ಕಚೇರಿಯಲ್ಲಿ ಕೂತು ಮಾಡುವ ಅಡುಗೆ. ಆ ಅಡುಗೆಮನೆಗೆ ನಮ್ಮನ್ನು ಬಿಡಿ.

ಕರ್ನಾಟಕದಲ್ಲಂತೂ ಈ ಅಡುಗೆ ಬಲು ಕಷ್ಟದ್ದು. 2018ರಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ 38 ಮತ, ಬಿಜೆಪಿಗೆ ಸುಮಾರು 36. ಸೀಟು ನೋಡಿದರೆ ಬಿಜೆಪಿಗೆ 104, ಕಾಂಗ್ರೆಸ್‌ಗೆ ಮೊದಲ ಎಣಿಕೆಯಲ್ಲಿ 78. ಐದು ವರ್ಷ ಕಳೆದು 2023ರಲ್ಲಿ ಬಿಜೆಪಿಗೆ ಮತ್ತೆ ಅದೇ 36. ಅದರ ಮತ ಹೆಚ್ಚುಕಮ್ಮಿ ಕದಲಲೇ ಇಲ್ಲ, ಸೀಟು ಮಾತ್ರ 66ಕ್ಕೆ ಇಳಿಯಿತು. ಕದಲಿದ್ದು ಜೆಡಿಎಸ್‌ನ ಮತ. ಶೇ 18ರಿಂದ 13ಕ್ಕೆ ಬಂತು. ಕಾಂಗ್ರೆಸ್ ಹೆಚ್ಚುಕಡಿಮೆ ಅಷ್ಟೇ ಏರಿ 43ರ ಹತ್ತಿರ ಹೋಯಿತು. ‘ಬಿಜೆಪಿ ಅಲೆ ಇಳಿದಿದೆಯೇ’ ಎಂದು ಕೇಳುತ್ತ ಕೂತವರಿಗೆ ಜೆಡಿಎಸ್ ಕಳೆದುಕೊಂಡ ಆ ಐದು ಅಂಶ ಕಾಣಲಿಲ್ಲ.

ಈಗ ಟುಡೇಸ್ ಚಾಣಕ್ಯದವರ ಪುಟ ನೋಡಿ. 2023ರಲ್ಲಿ ಅವರು ಕಾಂಗ್ರೆಸ್‌ಗೆ ಶೇ 42, ಬಿಜೆಪಿಗೆ 39, ಜೆಡಿಎಸ್‌ಗೆ 13 ಎಂದಿದ್ದರು, ಎಲ್ಲಕ್ಕೂ ಮೂರು ಹೆಚ್ಚುಕಮ್ಮಿ. ಮೂರೂ ಆ ಅಳತೆಯೊಳಗೇ ಕೂತವು. ಆದರೆ ಸೀಟಿನಲ್ಲಿ ಬಿಜೆಪಿಗೆ 92 ಎಂದು, ಹನ್ನೊಂದು ಹೆಚ್ಚುಕಮ್ಮಿ ಇಟ್ಟುಕೊಂಡೂ, 66ನ್ನು ಮುಟ್ಟಲಾಗಲಿಲ್ಲ. ಯಾಕೆ? ಎರಡು ಪಕ್ಷಗಳ ನಡುವಿನ ಅಂತರ ಸುಮಾರು ಏಳಿತ್ತು, ಅವರ ಲೆಕ್ಕದಲ್ಲಿ ಅದು ಮೂರಾಗಿತ್ತು. ಒಂದಕ್ಕೆ ತುಸು ಕಡಿಮೆ, ಇನ್ನೊಂದಕ್ಕೆ ತುಸು ಹೆಚ್ಚು, ಬೇರೆಬೇರೆಯಾಗಿ ನೋಡಿದರೆ ಎರಡೂ ಕ್ಷಮಿಸುವಂಥ ತಪ್ಪೇ. ಅಂತರಕ್ಕೆ ಬಂದಾಗ ಎರಡೂ ಸೇರಿ ಪೆಟ್ಟು ಕೊಟ್ಟವು. ಆದ್ದರಿಂದ ಮತ ಪ್ರಮಾಣ, ಮೊದಲೆರಡು ಪಕ್ಷಗಳ ಅಂತರ, ಆಮೇಲೆ ಸೀಟು, ಈ ಕ್ರಮದಲ್ಲೇ ಟಿವಿ ಪರದೆಯ ಮೇಲೆ ಬರಲಿ. ಚಾಣಕ್ಯದವರು ಮತ ಪ್ರಮಾಣ ಹೇಳಿದ್ದರಿಂದಲೇ ಅವರ ತಪ್ಪು ಎಲ್ಲಿ ಹುಟ್ಟಿತೆಂದು ನಮಗೆ ತಿಳಿಯಿತು. ಹೇಳದವರದ್ದು ಇವತ್ತಿಗೂ ತಿಳಿದಿಲ್ಲ.

3. ಅಂದಾಜಿನ ಅಗಲಕ್ಕೆ ಮಿತಿ ಇರಲಿ.

2023ರಲ್ಲಿ ಜನ್ ಕೀ ಬಾತ್ ಹೇಳಿದಂತೆ ಬಿಜೆಪಿಗೆ 94ರಿಂದ 117 ಎಂದರೆ ವಿರೋಧ ಪಕ್ಷದ ಕುರ್ಚಿಯಿಂದ ಮುಖ್ಯಮಂತ್ರಿಯ ಕುರ್ಚಿಯವರೆಗೆ ಎಲ್ಲವೂ ಅದರಲ್ಲೇ ಬಂತು. ಇಷ್ಟು ಅಗಲ ಹಾಸಿಯೂ ಫಲಿತಾಂಶ ಚಾಪೆಯ ಹೊರಗೇ ಬಿದ್ದದ್ದು ಬೇರೆ ಮಾತು. ಗಿಳಿಶಾಸ್ತ್ರದ ಗಿಳಿ ಕೂಡ ಒಂದೇ ಚೀಟಿ ತೆಗೆಯುತ್ತದೆ. ಅಗಲ ಇಡುವುದು ತಪ್ಪಲ್ಲ. ಜಯನಗರದಂತೆ 16 ಮತಗಳಲ್ಲಿ ತೀರ್ಮಾನವಾಗುವ ಕ್ಷೇತ್ರಗಳಿರುವಾಗ ಇಡಲೇಬೇಕು. ಆದರೆ ‘ಹತ್ತು ಸಲ ಚುನಾವಣೆಯಾದರೆ ಎಷ್ಟು ಸಲ ಈ ಅಗಲದೊಳಗೆ ಬರುತ್ತದೆ’ ಎಂದು ಕೆಳಗೆ ಬರೆಯಿರಿ.

4. ಹಿಂದಿನ ಐದು ಚುನಾವಣೆಗಳ ಲೆಕ್ಕವನ್ನು ಹೊಸ ಅಂಕಿಯ ಪಕ್ಕದಲ್ಲೇ ತೋರಿಸಬೇಕು.

2023ರ ನಮ್ಮ ಪಟ್ಟಿಯಲ್ಲಿ ಚಿನ್ನದ ಪದಕ ಮತಗಟ್ಟೆ ಸಮೀಕ್ಷೆಯವರಿಗೆ ಹೋಗಲೇ ಇಲ್ಲ. ಮತದಾನಕ್ಕೆ ಮೊದಲೇ ‘ಈದಿನ’ ಸುದ್ದಿತಾಣದವರು ಸುಮಾರು 41 ಸಾವಿರ ಜನರನ್ನು ಮಾತಾಡಿಸಿ ಕಾಂಗ್ರೆಸ್‌ಗೆ 132–140, ಬಿಜೆಪಿಗೆ 57–65, ಜೆಡಿಎಸ್‌ಗೆ 19–25 ಎಂದಿದ್ದರು. ಒಟ್ಟು ತಪ್ಪು 9. ಬೆಳ್ಳಿ ಆಕ್ಸಿಸ್‌ಗೆ. ನಮ್ಮ ಚಹಾ ಅಂಗಡಿಯಲ್ಲಿ ಒಂದು ವರ್ಷ ಈ ಎರಡು ಹೆಸರಿಗೆ ಭಾರೀ ಮರ್ಯಾದೆ.

2024ರ ಲೋಕಸಭೆ ಬಂತು. ರಾಜ್ಯದ 28ರಲ್ಲಿ ಕಾಂಗ್ರೆಸ್‌ಗೆ 17 ಬರಬಹುದೆಂದು ಈದಿನ ಸಮೀಕ್ಷೆ ಹೇಳಿತು. ಆಕ್ಸಿಸ್ 3ರಿಂದ 5 ಎಂದಿತು. ಬಂದದ್ದು 9. ಒಬ್ಬರು ಮೇಲೆ ಹೋದರು, ಒಬ್ಬರು ಕೆಳಗೆ ಹೋದರು, ಸತ್ಯ ನಡುವೆ ಕೂತು ಚಹಾ ಕುಡಿಯಿತು. ದೇಶದ ಮಟ್ಟದಲ್ಲಿ ಎನ್‌ಡಿಎಗೆ 361–401 ಎಂದ ಆಕ್ಸಿಸ್ ಎದುರು ಬಂದದ್ದು 293. ಅದರ ಮುಖ್ಯಸ್ಥರು ಟಿವಿ ನೇರಪ್ರಸಾರದಲ್ಲೇ ಕಣ್ಣೀರು ಹಾಕಿದರು. ನಮಗೂ ಪಾಪ ಅನ್ನಿಸಿತು. ಆದರೆ ಅದೇ ಸಂಸ್ಥೆ 2018ರಲ್ಲಿ ಕಾಂಗ್ರೆಸ್‌ಗೆ 106–118 ಎಂದು ಹೇಳಿ 78 ಕಂಡಿತ್ತು. 2018ರಲ್ಲಿ ತಪ್ಪು, 2023ರಲ್ಲಿ ಸರಿ, 2024ರಲ್ಲಿ ತಪ್ಪು. ಇತ್ತ ಜನ್ ಕೀ ಬಾತ್ 2018ರಲ್ಲಿ ಬಿಜೆಪಿಗೆ ಹೇಳಿದ 95–114ರೊಳಗೆ 104 ಸಲೀಸಾಗಿ ಕೂತಿತ್ತು. ಮುಂದಿನ ಚುನಾವಣೆಯಲ್ಲಿ ಏನಾಯಿತೆಂದು ಮೇಲೆ ಹೇಳಿದ್ದೇವೆ. ಒಂದು ಸಲ ಸರಿಬಂದವರು ವಿದ್ಯೆಯಿಂದ ಸರಿಬಂದರೋ ಅದೃಷ್ಟದಿಂದಲೋ ಒಂದೇ ಪುಟದಿಂದ ತಿಳಿಯುವುದಿಲ್ಲ. ‘ಕಳೆದ ಬಾರಿ ನಾವೇ ಸರಿ ಹೇಳಿದ್ದು’ ಎಂದು ಜಾಹೀರಾತು ಕೊಡುವವರು ಅದರ ಹಿಂದಿನ ಬಾರಿಯನ್ನೂ ಹಾಕಲಿ.

ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. 2024ರ ಜೂನ್ 1ರ ಸಂಜೆಯ ಅಂಕಿಗಳನ್ನು ನಂಬಿ ಜೂನ್ 3ರಂದು ಸೆನ್ಸೆಕ್ಸ್ 2,500ಕ್ಕೂ ಹೆಚ್ಚು ಅಂಶ ಏರಿತು. ಮರುದಿನ, ಎಣಿಕೆಯಂದು, ಸುಮಾರು 4,390 ಅಂಶ ಬಿತ್ತು. ಆ ಸೋಮವಾರ ಷೇರು ಕೊಂಡ ಸಾಫ್ಟ್‌ವೇರ್ ಹುಡುಗನೊಬ್ಬ ನಮ್ಮ ಬೆಂಚಿನಲ್ಲೇ ಕೂರುತ್ತಾನೆ. ಎಷ್ಟು ಹೋಯಿತೆಂದು ಅವನು ಮನೆಯಲ್ಲಿ ಇನ್ನೂ ಹೇಳಿಲ್ಲವಾದ್ದರಿಂದ ಇಲ್ಲೂ ಬರೆಯುವುದಿಲ್ಲ.

5. ಎಷ್ಟು ಬಾಗಿಲು ತಟ್ಟಿದಿರಿ, ಎಷ್ಟು ತೆರೆಯಲಿಲ್ಲ ಎಂಬುದನ್ನು ಪ್ರಕಟಿಸಬೇಕು. ಬೀದಿಗಿಳಿದು ಕೇಳುವವರಿಗೆ ದಿನಗೂಲಿ ಕೊಡಬೇಕು, ಫಾರಂ ಲೆಕ್ಕದಲ್ಲಿ ಅಲ್ಲ.

2024ರ ಏಪ್ರಿಲ್. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ಲೆಟ್ ಹಿಡಿದ ಹುಡುಗನೊಬ್ಬ ನಮ್ಮ ಅಂಗಡಿಯ ಎದುರಿನ ಅಪಾರ್ಟ್‌ಮೆಂಟಿಗೆ ಬಂದ. ಗೇಟಿನಲ್ಲಿದ್ದ ಸೆಕ್ಯೂರಿಟಿ ಯಾವ ಫ್ಲ್ಯಾಟು ಎಂದು ಕೇಳಿದ. ಯಾವುದಾದರೂ ಪರವಾಗಿಲ್ಲ ಎಂದ ಹುಡುಗ. ಹಾಗೆ ಹೇಳಿದವರನ್ನು ಒಳಗೆ ಬಿಡುವ ಸೆಕ್ಯೂರಿಟಿ ಇಂದಿರಾನಗರದಲ್ಲಿ ಹುಟ್ಟಿಲ್ಲ. ಪಕ್ಕದ ಕಟ್ಟಡದಲ್ಲೂ ಅದೇ ಕತೆ. ಆಮೇಲೆ ಮಳೆಮರದ ಕೆಳಗೆ ನಮ್ಮ ಬೆಂಚಿಗೆ ಬಂದು, ಅರ್ಧ ಚಹಾ ಹೇಳಿ, ನಮ್ಮನ್ನೇ ಒಬ್ಬೊಬ್ಬರಾಗಿ ಕೇಳಿದ. ಎಲ್ಲರೂ ಗಂಡಸರು, ಹೆಚ್ಚಿನವರು ಅರವತ್ತು ದಾಟಿದವರು. ಮುಗಿದ ಮೇಲೆ ಟ್ಯಾಬ್ಲೆಟ್ ನೋಡಿ ಮುಖ ಬಾಡಿಸಿಕೊಂಡ. “ಅಂಕಲ್, ನಂಗಿನ್ನೂ ಹೆಂಗಸರು ಬೇಕು, ಮೂವತ್ತೈದರ ಒಳಗಿನೋರು. ನಿಮ್ಮನೇಲಿ ಸೊಸೆ ಇದ್ರೆ ಅವ್ರು ಯಾರಿಗ್ ಹಾಕ್ತಾರೆ, ನೀವೇ ಹೇಳ್ಬಿಡಿ.”

ನಮ್ಮಲ್ಲೊಬ್ಬರು ಹೇಳಿಯೂಬಿಟ್ಟರು! ಸೊಸೆಯ ಮತ ಮಾವನಿಗೆ ಗೊತ್ತಿದ್ದ ಮನೆ ಯಾವುದು ಎಂದು ಆಮೇಲೆ ನಾವೆಲ್ಲ ಅವರನ್ನು ಗೇಲಿ ಮಾಡಿದೆವು. ಆದರೆ ಆ ಮತ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ‘ನಗರದ ಯುವತಿ’ ಎಂಬ ಖಾನೆಗೆ ಸೇರಿಹೋಗಿದೆ. ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಒಂದು ಫಾರಂಗೆ ಇಷ್ಟು ಎಂದು ಕೂಲಿ. ಗೇಟಿನಲ್ಲಿ ಕಳೆದ ಎರಡು ಗಂಟೆಗೆ ಏನೂ ಇಲ್ಲ. ತೆರೆಯದ ಬಾಗಿಲಿಗೂ ಕೂಲಿ ಸಿಗುವಂತಿದ್ದರೆ ಅವನು ತೆರೆಯಲಿಲ್ಲ ಎಂದೇ ಬರೆಯುತ್ತಿದ್ದ. ಆ ಬೆಂಚಿನಿಂದ ಕೂಗಳತೆಯಲ್ಲಿರುವ ಮೋಟಪ್ಪನಪಾಳ್ಯದ ಓಣಿಗಳಿಗೂ ಅವನು ಹೋದದ್ದನ್ನು ನಾವು ಕಾಣಲಿಲ್ಲ. ಅಲ್ಲಿ ಗೇಟೂ ಇಲ್ಲ, ಸೆಕ್ಯೂರಿಟಿಯೂ ಇಲ್ಲ. ಆದರೆ ಹಗಲು ಹೊತ್ತು ಹೆಂಗಸರು ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ.

6. ಪ್ರಶ್ನೆ ಕನ್ನಡದಲ್ಲಿರಲಿ, ಉತ್ತರ ಗುಟ್ಟಾಗಿರಲಿ.

ರೆಕಾರ್ಡ್ ಮಾಡಿದ ದನಿಯ ಫೋನ್ ಕರೆ ಹಿಂದಿಯಲ್ಲಿ ಶುರುವಾದರೆ ನಮ್ಮಲ್ಲಿ ಅರ್ಧ ಜನ ಅಲ್ಲೇ ಕಟ್ ಮಾಡುತ್ತಾರೆ. ಮಾಡದೆ ಉಳಿದವರು ಯಾರು ಎಂಬುದೇ ನಿಮ್ಮ ಫಲಿತಾಂಶವಾಗಿಬಿಡುತ್ತದೆ. ಇಂದಿರಾನಗರ, ಹಲಸೂರು, ಶಿವಾಜಿನಗರದಲ್ಲಿ ಕನ್ನಡದ ಜೊತೆ ತಮಿಳು, ಉರ್ದು, ತೆಲುಗು ಕೂಡ ಬೇಕು. ಕೇಳಿದ ಪ್ರಶ್ನೆಯನ್ನು ಕೇಳಿದ ಭಾಷೆಯಲ್ಲೇ, ಪಕ್ಷಗಳ ಹೆಸರು ಬಂದ ಕ್ರಮದ ಸಮೇತ, ಅಚ್ಚು ಹಾಕಿ. ಇನ್ನು ಗುಟ್ಟು: ಲೋಕನೀತಿ–ಸಿಎಸ್‌ಡಿಎಸ್‌ನವರು ಚಿಹ್ನೆಗಳಿರುವ ನಕಲಿ ಮತಪತ್ರ ಕೊಟ್ಟು, ಗುರುತು ಹಾಕಿ ಡಬ್ಬಕ್ಕೆ ಹಾಕಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ. ಮಾಲೀಕರ ಎದುರು ಅಡುಗೆಯಾಕೆಯನ್ನು “ಯಾರಿಗಮ್ಮಾ ನಿನ್ ಓಟು” ಎಂದು ಕೇಳುವುದಕ್ಕಿಂತ ಆ ಡಬ್ಬ ಹೊರುವುದು ಮೇಲು.

7. ಮಾತಾಡುವವರನ್ನಲ್ಲ, ಮತ ಹಾಕುವವರನ್ನು ಎಣಿಸಬೇಕು. ನಮ್ಮ ಬಡಾವಣೆಯ ಬಹುಭಾಗ ಸಿ.ವಿ. ರಾಮನ್ ನಗರ ವಿಧಾನಸಭಾ ಕ್ಷೇತ್ರಕ್ಕೂ ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರಕ್ಕೂ ಸೇರಿದೆ. 2024ರಲ್ಲಿ ಆ ಲೋಕಸಭಾ ಕ್ಷೇತ್ರದ ಮತದಾನ ಸುಮಾರು ಶೇ 54. ಅಂದರೆ ಇಲ್ಲಿ ರಾಜಕೀಯ ಮಾತಾಡುವ ಇಬ್ಬರಲ್ಲಿ ಒಬ್ಬರು ಮತದಾನದ ಆ ಶುಕ್ರವಾರ ಮಡಿಕೇರಿಯಲ್ಲಿದ್ದರೆಂದು ತಿಳಿಯಿರಿ. ಕಳೆದ ಬಾರಿ ನಿಮ್ಮ ಮತಗಟ್ಟೆ ಯಾವ ಶಾಲೆಯಲ್ಲಿತ್ತು ಎಂದು ಒಂದು ಪ್ರಶ್ನೆ ಸೇರಿಸಿ. ಉತ್ತರ ಗೊತ್ತಿಲ್ಲದವರ ಅಭಿಪ್ರಾಯಕ್ಕೆ ಎಷ್ಟು ತೂಕ ಕೊಟ್ಟಿರೆಂದು ಹೇಳಿ.

ಅದೇ ಕ್ಷೇತ್ರದ ಇನ್ನೊಂದು ಪಾಠ. ಬಿಜೆಪಿಯ ಪಿ.ಸಿ. ಮೋಹನ್ ಅಲ್ಲಿ ಗೆದ್ದ ಅಂತರ 32,707. ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಮಹದೇವಪುರ ಒಂದರಲ್ಲೇ ಅವರಿಗೆ ಸಿಕ್ಕ ಮುನ್ನಡೆ 1,14,046. ಉಳಿದ ಏಳನ್ನು ಕೂಡಿದರೆ ಕಾಂಗ್ರೆಸ್ಸಿನ ಮನ್ಸೂರ್ ಅಲಿ ಖಾನ್ ಮುಂದಿದ್ದರು. ಮಹದೇವಪುರದ ಮತದಾರರ ಪಟ್ಟಿಯ ಬಗ್ಗೆ ಆಮೇಲೆ ಎದ್ದ ಗದ್ದಲದ ವಿಷಯ ಈ ಪತ್ರದ್ದಲ್ಲ. ಆದರೆ ಶಿವಾಜಿನಗರದಲ್ಲಿ ನಿಂತು ಕೇಳಿದವನಿಗೂ ವೈಟ್‌ಫೀಲ್ಡಿನಲ್ಲಿ ನಿಂತು ಕೇಳಿದವನಿಗೂ ಒಂದೇ ಕ್ಷೇತ್ರ ಎರಡಾಗಿ ಕಂಡಿರಬೇಕು. ಎಲ್ಲಿ ನಿಂತು ಕೇಳಿದಿರಿ, ಪಟ್ಟಿ ಕೊಡಿ.

8. ‘ಲಕ್ಷ ಜನರನ್ನು ಕೇಳಿದ್ದೇವೆ’ ಎಂದು ಹೆದರಿಸಬೇಡಿ.

1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಮಂದಿಗೆ ಕಾಗದ ಕಳಿಸಿ, ಇಪ್ಪತ್ತು ಲಕ್ಷಕ್ಕೂ ಮೀರಿ ಉತ್ತರ ಪಡೆದು, ರೂಸ್‌ವೆಲ್ಟ್ ಸೋಲುತ್ತಾರೆಂದು ಬರೆಯಿತು. ಅವರು 48ರಲ್ಲಿ 46 ರಾಜ್ಯ ಗೆದ್ದರು. ವಿಳಾಸಗಳನ್ನು ಹೆಕ್ಕಿದ್ದು ಫೋನು, ಕಾರು ಇದ್ದವರ ಪಟ್ಟಿಗಳಿಂದ. ಅದರ ಪಾಲಿಗೆ ಅಮೆರಿಕವೆಲ್ಲ ನಮ್ಮ ಡಿಫೆನ್ಸ್ ಕಾಲೊನಿಯಂತೆ ಕಂಡಿತು ಅನ್ನಿ. ಸಾವಿರ ಜನರನ್ನು ಲಾಟರಿ ಎತ್ತಿದಂತೆ ಆರಿಸಿದ್ದರೆ ತಪ್ಪು ಮೂರರ ಆಸುಪಾಸು ಎಂಬ ಸೂತ್ರ ಸರಿ, ಆದರೆ ಹಾಗೆ ಆರಿಸಿದ್ದರೆ ಮಾತ್ರ. ಅಮೆರಿಕದಲ್ಲಿ 1998ರಿಂದ 2014ರವರೆಗಿನ 4,221 ಸಮೀಕ್ಷೆಗಳನ್ನು ಸಂಶೋಧಕರು ಫಲಿತಾಂಶದ ಪಕ್ಕ ಇಟ್ಟು ನೋಡಿದಾಗ, ನಿಜವಾದ ತಪ್ಪು ಸರಾಸರಿ ಮೂರೂವರೆ ಅಂಶ. ಹೇಳಿಕೊಂಡ ಮಿತಿ ಸೂಚಿಸುವುದರ ಸುಮಾರು ಎರಡರಷ್ಟು. ನಮ್ಮ ಟಿವಿಗಳಲ್ಲಿ ಬರುವ ‘ಶೇ 3 ಹೆಚ್ಚುಕಮ್ಮಿ’ಯನ್ನು ನಾವು ಇನ್ನು ಮೇಲೆ ಆರು ಎಂದೇ ಓದುತ್ತೇವೆ.

9. ದುಡ್ಡು ಕೊಟ್ಟವರು ಯಾರು? ಒಂದು ಸಾಲು ಸಾಕು.

10. ಆಯೋಗಕ್ಕೆ: ಹೊತ್ತು ಕಾಯುವ ಕಾನೂನು ಇದೆ, ಲೆಕ್ಕ ಕೇಳುವ ಕಾನೂನು ಬೇಕು.

ಜನಪ್ರತಿನಿಧಿ ಕಾಯ್ದೆಯ 126ಎ ಕಲಮಿನ ಪ್ರಕಾರ ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆ ಆಗುವವರೆಗೆ ಮತಗಟ್ಟೆ ಸಮೀಕ್ಷೆ ತೋರಿಸಿದರೆ ಎರಡು ವರ್ಷದವರೆಗೆ ಜೈಲು. ಸಂಜೆ ಆರೂ ಇಪ್ಪತ್ತೊಂಬತ್ತಕ್ಕೆ ಸತ್ಯ ಹೇಳಿದರೆ ಅಪರಾಧ, ಆರೂವರೆಗೆ ಏನು ಹೇಳಿದರೂ ನಡೆಯುತ್ತದೆ. 1998ರಲ್ಲಿ ಆಯೋಗವೇ ಮಾರ್ಗಸೂಚಿ ಹೊರಡಿಸಿ ಸ್ಯಾಂಪಲ್ ಮತ್ತು ವಿಧಾನದ ವಿವರ ಕೊಡಬೇಕೆಂದಿತ್ತು. ಅದನ್ನು ಜಾರಿ ಮಾಡುವ ಅಧಿಕಾರದ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ಬಂದಾಗ 1999ರಲ್ಲಿ ಹಿಂದಕ್ಕೆ ಪಡೆಯಿತು. 2015ರಲ್ಲಿ ಕಾನೂನು ಆಯೋಗದ 255ನೇ ವರದಿ ಸಮೀಕ್ಷೆಗಳ ವಿವರ ಬಹಿರಂಗಪಡಿಸುವುದನ್ನು ಕಾನೂನಾಗಿಸಲು ಹೇಳಿತು. ಬ್ರಿಟನ್ನಿನಲ್ಲಿ ಸಮೀಕ್ಷಾ ಸಂಸ್ಥೆಗಳು 2004ರಲ್ಲಿ ತಾವೇ ಒಂದು ಮಂಡಳಿ ಕಟ್ಟಿಕೊಂಡು, ಅಂಕಿ ಹೊರಬಿದ್ದ ಎರಡು ಕೆಲಸದ ದಿನಗಳಲ್ಲಿ ಪೂರ್ತಿ ಕೋಷ್ಟಕ, ಕೇಳಿದ ಪ್ರಶ್ನೆ ಎಲ್ಲವನ್ನೂ ಬಹಿರಂಗ ಮಾಡುವ ಕಟ್ಟಳೆ ಹಾಕಿಕೊಂಡಿವೆ. ಕಾನೂನು ಬರುವವರೆಗೆ ಅಷ್ಟನ್ನಾದರೂ ಇಲ್ಲಿ ಮಾಡಿ. ಎರಡು ದಿನ ಸಾಲದಿದ್ದರೆ ನಾಲ್ಕು ತೆಗೆದುಕೊಳ್ಳಿ.

11. ವಾರ್ಡ್ ಚುನಾವಣೆಗೆ ಸಮೀಕ್ಷೆ ಮಾಡುವುದಾದರೆ ವಾರ್ಡಿನಲ್ಲೇ ಮಾಡಿ.

ಬಿಬಿಎಂಪಿಗೆ ನಾವು ಮತ ಹಾಕಿದ್ದು 2015ರ ಆಗಸ್ಟಿನಲ್ಲಿ. ಆ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಗಳಾಯಿತು, ಆಮೇಲೆ ವಾರ್ಡಿನ ಗಡಿಗಳೂ ಬದಲಾದವು. ಹಳೆಯ ಫಲಿತಾಂಶವನ್ನು ಹೊಸ ಗಡಿಗೆ ಹೊಲಿಯುವುದು ಸುಲಭವಲ್ಲ. ಇಡೀ ನಗರದಲ್ಲಿ ಎರಡು ಸಾವಿರ ಜನರನ್ನು ಕೇಳಿ ಪ್ರತಿ ವಾರ್ಡಿಗೂ ಬಣ್ಣ ಬಳಿದ ನಕ್ಷೆ ತೋರಿಸಿದರೆ, ಒಂದು ವಾರ್ಡಿಗೆ ಬೆರಳೆಣಿಕೆಯ ಜನ ಸಿಗುತ್ತಾರೆ, ನಮ್ಮ ಬೆಂಚಿನಲ್ಲಿ ಕೂರುವಷ್ಟೇ. ಆ ಬೆಂಚಿನಲ್ಲಿ ಎರಡು ಸಲ ಒಂದೇ ಅಭಿಪ್ರಾಯ ಬಂದದ್ದು ನಮಗೆ ನೆನಪಿಲ್ಲ.

ಈ ಪತ್ರಕ್ಕೆ ಸಹಿ ಸಂಗ್ರಹಿಸಿದ ಬಗೆ, ಐದನೇ ಒತ್ತಾಯವನ್ನು ನಮಗೂ ಹಾಕಿಕೊಂಡು: ಸ್ಥಳ, ಚಹಾ ಅಂಗಡಿ, ಬಿಡಿಎ ಕಾಂಪ್ಲೆಕ್ಸ್ ಮುಂಭಾಗ ಮತ್ತು ಮೆಟ್ರೊ ನಿಲ್ದಾಣದ ಮೆಟ್ಟಿಲ ಬಳಿ. ಸಮಯ, ಎರಡು ಭಾನುವಾರ, ಬೆಳಗ್ಗೆ ಏಳರಿಂದ ಹತ್ತು. ಸಹಿ ಹಾಕಿದವರಲ್ಲಿ ಗಂಡಸರೇ ಹೆಚ್ಚು, ಐವತ್ತು ದಾಟಿದವರೇ ಹೆಚ್ಚು, ಕನ್ನಡ ಓದಬಲ್ಲವರು ಮಾತ್ರ. ಮೆಟ್ರೊ ಮೆಟ್ಟಿಲಲ್ಲಿ ಹೆಚ್ಚಿನವರು ನಿಲ್ಲಲಿಲ್ಲ. ಅಪಾರ್ಟ್‌ಮೆಂಟಿನ ಗೇಟು ದಾಟಲು ನಮಗೂ ಆಗಲಿಲ್ಲ. ಯಾವ ಫ್ಲ್ಯಾಟು ಎಂದು ಕೇಳಿದರು. ಖರ್ಚು, ಪ್ರತಿ ತೆಗೆಸಿದ್ದು ಮತ್ತು ಚಹಾ, ನಾವೇ ಹಾಕಿಕೊಂಡೆವು. ಆದ್ದರಿಂದ ಇದು ಇಂದಿರಾನಗರದ ಜನಾಭಿಪ್ರಾಯ ಎಂದು ನಾವು ಹೇಳುತ್ತಿಲ್ಲ.

ಇಂತಿ,
ಸಹಿ ಮಾಡಿದವರು